ಪರದೇಶಿಯ ರೋಗ, ನಾಡವರ ಮದ್ದು: ಪೋರ್ಚುಗೀಸರ ಗೋವೆಯಲ್ಲಿ ಚಿಕಿತ್ಸೆಯ ಕೊಡುಕೊಳೆ

ಕನ್ನಡದಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳು ಬಳಕೆಯಲ್ಲಿವೆ. ಅನ್ಯದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು ಎಂಬುದು ಮತ್ತೊಂದು. ಈ ಎರಡು ಅರ್ಥಗಳು ಒಂದಾಗುವುದು ಪರನಾಡಿನಲ್ಲಿ ಕಾಯಿಲೆ ಬಿದ್ದಾಗ. ತನ್ನ ನೆಲದಲ್ಲಿ ರೋಗಿಯಾದವನಿಗೆ ಮನೆಯ ಹಿರಿಯರ ಕಷಾಯ, ಊರ ಪಂಡಿತನ ಗುಳಿಗೆ, ದೈವದ ಹರಕೆ ಇವೆಲ್ಲ ಕೈಗೆಟುಕುತ್ತವೆ. ಪರನಾಡಿನಲ್ಲಿ ರೋಗದ ಹೆಸರೇ ಬೇರೆ, ಮದ್ದಿನ ಹೆಸರೇ ಬೇರೆ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಯುರೋಪಿಯನ್ನರ ಸ್ಥಿತಿ ಇದೇ ಆಗಿತ್ತು. ಅವರನ್ನು ಆಳುವವರೆಂದೂ ವ್ಯಾಪಾರಿಗಳೆಂದೂ ಇತಿಹಾಸ ಗುರುತಿಸಿದೆ. ರೋಗಿಗಳೆಂದು ಗುರುತಿಸಿದ್ದು ಕಡಿಮೆ. ನಾಟಿವೈದ್ಯದ ಇತಿಹಾಸವನ್ನು ಅರಿಯಬೇಕಾದವರಿಗೆ ಆ ರೋಗಿಗಳೇ ಮುಖ್ಯ ಸಾಕ್ಷಿಗಳಾಗಿದ್ದಾರೆ.

1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಆಲ್ಬುಕರ್ಕ್ ಅಲ್ಲಿ ಆಸ್ಪತ್ರೆಯೊಂದನ್ನು ಸ್ಥಾಪಿಸಿದನು. ಮುಂದೆ ‘ರಾಜ ಆಸ್ಪತ್ರೆ’ ಎಂದು ಹೆಸರಾದ ಇದರ ಆಡಳಿತವು 1591ರಲ್ಲಿ ಜೆಸ್ವಿಟ್ ಪಾದ್ರಿಗಳ ಕೈಸೇರಿತು. ಲಿಸ್ಬನ್‌ನಿಂದ ಸುಮಾರು ಆರು ತಿಂಗಳ ಸಮುದ್ರಯಾನ ಮುಗಿಸಿ ಬಂದ ಸೈನಿಕರಲ್ಲಿ ಅನೇಕರು ಹಡಗಿನಿಂದ ನೇರವಾಗಿ ಈ ಆಸ್ಪತ್ರೆಯನ್ನೇ ಸೇರುತ್ತಿದ್ದರು. 1608ರಲ್ಲಿ ಇಲ್ಲಿ ಚಿಕಿತ್ಸೆ ಪಡೆದ ಫ್ರೆಂಚ್ ಪ್ರವಾಸಿ ಪಿರಾರ್ ದ ಲಾವಾಲ್, ರೋಮ್ ಮತ್ತು ಮಾಲ್ಟಾಗಳ ಪ್ರಸಿದ್ಧ ಆಸ್ಪತ್ರೆಗಳಿಗಿಂತಲೂ ಇದು ಮೇಲಾದುದೆಂದು ಹೊಗಳಿದ್ದಾನೆ. ರೋಗಿಗಳಿಗೆ ಬೆಳ್ಳಿಯ ತಟ್ಟೆಗಳಲ್ಲಿ ಊಟ ಬಡಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ಇದೇ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಇಪ್ಪತ್ತೈದು ಸಾವಿರ ಸೈನಿಕರು ಈ ಆಸ್ಪತ್ರೆಯಲ್ಲಿ ಸತ್ತರೆಂಬ ಲೆಕ್ಕವನ್ನೂ ಇತಿಹಾಸಕಾರರು ಉಲ್ಲೇಖಿಸುತ್ತಾರೆ. ಬೆಳ್ಳಿಯ ತಟ್ಟೆಯಿಂದ ಈ ನೆಲದ ರೋಗ ವಾಸಿಯಾಗುತ್ತಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯುರೋಪಿನ ವೈದ್ಯರಿಗೆ ತಿಳಿದಿದ್ದ ಮುಖ್ಯ ಉಪಾಯ ರಕ್ತ ತೆಗೆಯುವುದು. ಬೇಧಿಯಿಂದ ಬಳಲಿದ ದೇಹಕ್ಕೆ ಅದು ಮತ್ತಷ್ಟು ಹಾನಿಕರವಾಗಿತ್ತು.

ಇಂತಹ ಸಂದರ್ಭದಲ್ಲಿ ರೋಗಿಯು ಸ್ಥಳೀಯ ವೈದ್ಯನ ಮನೆಯ ಬಾಗಿಲಿಗೆ ಹೋದುದು ಸಹಜವೇ ಆಗಿದೆ. 1583ರಿಂದ 1588ರವರೆಗೆ ಗೋವೆಯ ಆರ್ಚ್‌ಬಿಷಪ್ಪರ ಬಳಿ ಕೆಲಸಕ್ಕಿದ್ದ ಡಚ್ಚರ ಲಿನ್‌ಸ್ಕೋಟೆನ್ ಈ ಬಗ್ಗೆ ಅಮೂಲ್ಯವಾದ ಮಾಹಿತಿ ನೀಡಿದ್ದಾನೆ. ರಾಯಭಾರಿಗಳಿಗೂ ಶ್ರೀಮಂತ ವರ್ತಕರಿಗೂ ಮಾತ್ರ ಸಲ್ಲುತ್ತಿದ್ದ ಛತ್ರಿಯ ಮರ್ಯಾದೆ ಅಲ್ಲಿನ ಹಿಂದೂ ವೈದ್ಯರಿಗೂ ಇತ್ತು. ವೈಸ್‌ರಾಯ್, ಆರ್ಚ್‌ಬಿಷಪ್ ಮತ್ತು ಸನ್ಯಾಸಿಗಳು ಸಹ ತಮ್ಮ ದೇಶದ ವೈದ್ಯರಿಗಿಂತ ಇವರನ್ನೇ ಹೆಚ್ಚು ನಂಬುತ್ತಿದ್ದರು ಎಂದು ಅವನು ಬರೆಯುತ್ತಾನೆ. ಆದರೆ 1567ರ ಗೋವೆಯ ಧರ್ಮಸಭೆಯು ಕ್ರೈಸ್ತರು ಅನ್ಯಮತದ ವೈದ್ಯರನ್ನೂ ಸೂಲಗಿತ್ತಿಯರನ್ನೂ ಕರೆಸಕೂಡದೆಂದು ವಿಧಿಸಿತ್ತು. ನಿಷೇಧವನ್ನು ಹೊರಡಿಸಿದ ವರ್ಗವೇ ಕಾಯಿಲೆ ಬಿದ್ದಾಗ ಅದನ್ನು ಮುರಿಯುತ್ತಿತ್ತು. 1618ರಲ್ಲಿ ನಗರಸಭೆಯು ಪರೀಕ್ಷೆಗೆ ಒಳಪಡಿಸಿ, ಹಿಂದೂ ವೈದ್ಯರ ಸಂಖ್ಯೆಯನ್ನು ಮೂವತ್ತಕ್ಕೆ ಸೀಮಿತಗೊಳಿಸಿತು. ಇದನ್ನು ನಿರ್ಬಂಧವೆಂದು ಓದುವುದು ವಾಡಿಕೆ. ಐವತ್ತು ವರ್ಷಗಳ ನಿಷೇಧದ ಸೋಲನ್ನು ಆಡಳಿತವು ಒಪ್ಪಿಕೊಂಡ ದಾಖಲೆಯೆಂದೂ ಇದನ್ನು ಓದಲು ಸಾಧ್ಯವಿದೆ.

ಈ ಕೊಡುಕೊಳೆಯ ಒಳವಿವರಗಳು ದೊರೆಯುವುದು ಗಾರ್ಸಿಯಾ ದ ಓರ್ತನ ಕೃತಿಯಲ್ಲಿ. 1534ರಲ್ಲಿ ಗೋವೆಗೆ ಬಂದ ಈ ಪೋರ್ಚುಗೀಸ್ ವೈದ್ಯನು ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾನಿಗೂ ಚಿಕಿತ್ಸೆ ನೀಡಿದವನು. ಭಾರತದ ಔಷಧದ್ರವ್ಯಗಳನ್ನು ಕುರಿತ ಅವನ ಸಂವಾದರೂಪದ ಗ್ರಂಥವು 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಇದರಲ್ಲಿ ಸ್ಪೇನಿನಿಂದ ಬಂದ ರುವಾನೊ ಎಂಬ ಕಲ್ಪಿತ ವೈದ್ಯನು ಪ್ರಶ್ನೆ ಕೇಳುತ್ತಾನೆ, ಓರ್ತ ಉತ್ತರಿಸುತ್ತಾನೆ. ನಡುವೆ ಮಾಲೂಪ ಎಂಬ ಹಿಂದೂ ವೈದ್ಯನು ಬಂದು ಮಾತನಾಡುತ್ತಾನೆ. ಮನೆಯ ಸೇವಕಿ ಆಂಟೋನಿಯಾ ಗಿಡಮೂಲಿಕೆಗಳನ್ನು ತಂದುಕೊಡುತ್ತಾಳೆ. ಪಂಡಿತ ಮತ್ತು ಸೇವಕಿ ಇಬ್ಬರೂ ಜ್ಞಾನದ ವಾಹಕರಾಗಿ ಒಂದೇ ಪುಟಗಳಲ್ಲಿ ಕಾಣಿಸಿಕೊಳ್ಳುವುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾಗಿದೆ.

ಹದಿನೇಳನೆಯ ಸಂವಾದದಲ್ಲಿ ಓರ್ತನು ವಾಂತಿಬೇಧಿಯ ಉಗ್ರ ರೋಗವನ್ನು ವಿವರಿಸುತ್ತಾನೆ. ನಾಡವರು ‘ಮೊರ್ಶಿ’ ಎನ್ನುವ ರೋಗವನ್ನು ಪೋರ್ಚುಗೀಸರು ಅಪಭ್ರಂಶಗೊಳಿಸಿ ‘ಮೊರ್ದೆಶಿ’ ಎನ್ನುತ್ತಾರೆಂದು ಅವನೇ ಹೇಳುತ್ತಾನೆ. ಇದು ಕೊಂಕಣಿ ಮತ್ತು ಮರಾಠಿಗಳ ‘ಮೋಡ್ಶಿ’. ಮುರಿದುಬೀಳುವುದು ಎಂಬ ಅರ್ಥದ ಧಾತುವಿಗೆ ಸಂಬಂಧಿಸಿದ ಪದ. ಇದೇ ಪದವು ಫ್ರೆಂಚರ ಬಾಯಲ್ಲಿ ‘ಮೋರ್ ದ ಶಿಯಾಂ’, ಅಂದರೆ ‘ನಾಯಿಯ ಸಾವು’ ಎಂದಾಯಿತು. ಅರ್ಥವಾಗದ ಪರಭಾಷೆಯ ಶಬ್ದಕ್ಕೆ ತಮ್ಮ ಭಾಷೆಯಲ್ಲಿ ಅರ್ಥ ಕಟ್ಟಿಕೊಳ್ಳುವ ಜಾನಪದ ನಿರುಕ್ತಿಗೆ ಇದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ವಿರಳ. ಪರದೇಶದಲ್ಲಿ ಸಾಯುವ ಭಯವು ಆ ಶಬ್ದದೊಳಗೆ ಸೇರಿಕೊಂಡಿದೆ.

ಚಿಕಿತ್ಸೆಯ ವಿವರಗಳೂ ಅಷ್ಟೇ ಮಹತ್ವದವು. ನಾಡ ವೈದ್ಯರು ರೋಗಿಗೆ ಮೆಣಸು ಜೀರಿಗೆ ಹಾಕಿದ ಅಕ್ಕಿಯ ತಿಳಿಯನ್ನು ಕುಡಿಸುತ್ತಾರೆ, ಪಾದಗಳಿಗೆ ಬರೆ ಹಾಕುತ್ತಾರೆ, ಸೆಳೆತ ಬಂದ ಕೈಕಾಲುಗಳಿಗೆ ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ ಎಂದು ಓರ್ತನು ದಾಖಲಿಸಿದ್ದಾನೆ. ಆ ಅಕ್ಕಿಯ ತಿಳಿಯನ್ನು ಅವನು ‘ಕಾಂಜೆ’ ಎಂದು ಕರೆದಿದ್ದಾನೆ. ಅದು ನಮ್ಮ ಗಂಜಿಯೇ ಆಗಿದೆ. ವಾಂತಿಬೇಧಿಯಿಂದ ನೀರು ಬತ್ತಿದ ದೇಹಕ್ಕೆ ನೀರನ್ನು ಮರಳಿ ತುಂಬಬೇಕೆಂಬುದು ಆಧುನಿಕ ವೈದ್ಯವೂ ಒಪ್ಪುವ ಕ್ರಮ. ಬರೆ ಹಾಕುವ ಪದ್ಧತಿಯನ್ನು ಅದೇ ಸಾಲಿನಲ್ಲಿ ಸಮರ್ಥಿಸಲಾಗದು. ನಾಟಿವೈದ್ಯವನ್ನು ಇಡಿಯಾಗಿ ಕೊಂಡಾಡುವುದೂ ಇಡಿಯಾಗಿ ತಳ್ಳಿಹಾಕುವುದೂ ಸರಿಯಲ್ಲವೆಂಬುದಕ್ಕೆ ಈ ಒಂದು ಪುಟವೇ ಸಾಕ್ಷಿ. ಇದೇ ಕೃತಿಯಲ್ಲಿ ರಕ್ತಬೇಧಿಗೆ ಮಲಬಾರಿನವರು ಬಳಸುವ ಮರದ ತೊಗಟೆಯ ಪ್ರಸ್ತಾಪವೂ ಇದೆ. ಸಸ್ಯಶಾಸ್ತ್ರಜ್ಞರು ಅದನ್ನು ಕುಟಜವೆಂದು ಗುರುತಿಸಿದ್ದಾರೆ. ಅದು ಕನ್ನಡ ನಾಡಿನ ಮನೆಮದ್ದುಗಳಲ್ಲಿ ಪ್ರಸಿದ್ಧವಾದ ಕೊಡಸಿಗ.

ಗಂಜಿಯ ಕಥೆಯು ಕನ್ನಡ ಕರಾವಳಿಯೊಂದಿಗೂ ತಳಕು ಹಾಕಿಕೊಂಡಿದೆ. ಗೋವೆ ತನ್ನ ಅಕ್ಕಿಗಾಗಿ ಬಸರೂರು, ಮಂಗಳೂರು, ಹೊನ್ನಾವರಗಳ ಬಂದರುಗಳನ್ನು ಬಹುವಾಗಿ ಅವಲಂಬಿಸಿತ್ತು. 1568–69ರಲ್ಲಿ ಪೋರ್ಚುಗೀಸರು ಈ ಬಂದರುಗಳನ್ನು ಹಿಡಿದು ಕೋಟೆ ಕಟ್ಟಿದುದರ ಹಿಂದೆ ಅಕ್ಕಿಯ ಅಗತ್ಯವೂ ಇತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಈ ಕೋಟೆಗಳನ್ನು ವಶಪಡಿಸಿಕೊಂಡನು. ಕೋಟೆಗಳು ಹೋದವು; ಪದ ಉಳಿಯಿತು. ಪೋರ್ಚುಗಲ್ ಮತ್ತು ಬ್ರೆಜಿಲ್‌ಗಳಲ್ಲಿ ಇಂದಿಗೂ ಕಾಯಿಲೆಯವರಿಗೆ ಕೊಡುವ ಅಕ್ಕಿ ಬೆರೆಸಿದ ಕೋಳಿಸಾರಿಗೆ ‘ಕಾಂಜ’ ಎಂದೇ ಹೆಸರು.

1640ರ ದಶಕದಲ್ಲಿ ಗೋವೆಗೆ ಬಂದ ತಾವರ್ನಿಯೆಯ ಬರಹದಲ್ಲಿ ರಾಜ ಆಸ್ಪತ್ರೆಯ ಹಳೆಯ ವೈಭವ ಕುಂದಿದೆ. ಪದೇ ಪದೇ ರಕ್ತ ತೆಗೆದು ಬಿಳಿಚಿಕೊಂಡ ರೋಗಿಗಳಿಗೆ ಹನ್ನೆರಡು ದಿನಗಳ ಕಾಲ ಗೋಮೂತ್ರ ಕುಡಿಸುತ್ತಿದ್ದರೆಂದು ಅವನು ತಿಳಿಸುತ್ತಾನೆ. ಅನ್ಯಮತದವರ ಆಚಾರಗಳನ್ನು ಶಿಕ್ಷಾರ್ಹವೆಂದು ಸಾರಿದ ನಗರದ ಆಸ್ಪತ್ರೆಯೊಳಗೇ ಈ ಮದ್ದು ಪ್ರವೇಶ ಪಡೆದಿತ್ತು.

ಡಚ್ಚರು ಕೊಚ್ಚಿಯಲ್ಲಿ ನೆಲೆನಿಂತಾಗ ಇದೇ ಅಗತ್ಯ ಮತ್ತೊಂದು ರೂಪ ಪಡೆಯಿತು. ಯುರೋಪಿನಿಂದ ದೀರ್ಘ ಪ್ರಯಾಣದ ನಂತರ ತಲುಪುವ ಔಷಧಗಳು ಕೆಟ್ಟಿರುತ್ತಿದ್ದವು. ಅಧಿಪತಿ ವಾನ್ ರೀಡೆಯು ಸ್ಥಳೀಯ ಮೂಲಿಕೆಗಳ ಸಂಗ್ರಹಕ್ಕೆ ಕೈಹಾಕಿದನು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಇದರ ಫಲ. ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಬ್ರಾಹ್ಮಣರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು 1675ರಲ್ಲಿ ಬರೆದುಕೊಟ್ಟ ದೃಢೀಕರಣ ಪತ್ರಗಳು ಅದರಲ್ಲಿ ಅಚ್ಚಾಗಿವೆ. ಜ್ಞಾನ ನೀಡಿದವರ ಹೆಸರು ಗ್ರಂಥದೊಳಗೆ ಉಳಿದ ಅಪರೂಪದ ಪ್ರಸಂಗವಿದು. ಕೊಚ್ಚಿಯ ಕೊಂಕಣಿಗರು ಪೋರ್ಚುಗೀಸರ ಮತೀಯ ಒತ್ತಡದಿಂದ ಗೋವೆ ತೊರೆದು ದಕ್ಷಿಣಕ್ಕೆ ಬಂದ ಸಮುದಾಯ. ಅವರಲ್ಲಿ ಅನೇಕರು ಕನ್ನಡ ಕರಾವಳಿಯಲ್ಲಿಯೂ ನೆಲೆಸಿದರು. ಒಂದು ಯುರೋಪಿಯನ್ ಆಳ್ವಿಕೆ ಹೊರದೂಡಿದ ಜ್ಞಾನಕ್ಕೆ ಇನ್ನೊಂದು ಮೊರೆಹೋಯಿತು.

ಓರ್ತನ ಅಂತ್ಯವು ಈ ಇತಿಹಾಸಕ್ಕೆ ಮತ್ತೊಂದು ಅರ್ಥ ನೀಡುತ್ತದೆ. ಅವನು ಬಲವಂತವಾಗಿ ಮತಾಂತರಗೊಂಡ ಯಹೂದಿ ಮನೆತನದವನು. ಅವನು ಸತ್ತದ್ದು 1568ರಲ್ಲಿ. ಮರುವರ್ಷ ಅವನ ಸಹೋದರಿಯನ್ನು ಗೋವೆಯ ಮತವಿಚಾರಣಾ ಮಂಡಲಿಯು ಸುಡಿಸಿತು. 1580ರಲ್ಲಿ ಅವನ ಮೂಳೆಗಳನ್ನೇ ಅಗೆದು ತೆಗೆದು ಸುಡಲಾಯಿತು. ನಾಡವರ ಮದ್ದನ್ನು ಗೌರವದಿಂದ ಕೇಳಿ ಬರೆದುಕೊಂಡವನು ತನ್ನವರ ನಡುವೆಯೇ ಪರದೇಶಿಯಾಗಿದ್ದನು.

ಒಟ್ಟಿನಲ್ಲಿ, ನಾಟಿವೈದ್ಯದ ಇತಿಹಾಸವನ್ನು ತಾಳೆಗರಿಗಳಲ್ಲಿ ಮಾತ್ರ ಹುಡುಕುವ ಸಂಶೋಧನಾಕ್ರಮವು ಅಪೂರ್ಣವಾದುದು. ಪರದೇಶಿ ರೋಗಿಗಳ ಬರಹಗಳಲ್ಲಿ ನಾಡ ವೈದ್ಯರ ಕೈಗುಣ, ಅವರ ಮಾತು, ಅವರಿಗೆ ಸಂದ ಮರ್ಯಾದೆ ಮತ್ತು ಅವಮಾನಗಳು ಉಳಿದಿವೆ. ಇಟ್ಟಿ ಅಚ್ಯುತನ್‌ನ ಹೆಸರು ಉಳಿಯಿತು. ಗೋವೆಯಲ್ಲಿ ಛತ್ರಿ ಹಿಡಿಸಿಕೊಂಡು ನಡೆದ ಪಂಡಿತರ, ನಿಷೇಧದ ನಡುವೆಯೂ ಹೆರಿಗೆ ಮಾಡಿಸಿದ ಸೂಲಗಿತ್ತಿಯರ ಹೆಸರುಗಳು ಈ ಬರಹಗಳಲ್ಲಿ ಇಲ್ಲ. ಅವರ ಪಾಲಿಗೆ ಉಳಿದಿರುವುದು ಗಂಜಿ, ಮೋಡ್ಶಿಗಳಂತಹ ಕೆಲವು ಪದಗಳು ಮಾತ್ರ. ಆ ಪದಗಳನ್ನು ದಾಖಲೆಗಳೆಂದು ಓದುವುದು ಜಾನಪದ ಸಂಶೋಧನೆಯ ಹೊಣೆಯಾಗಿದೆ.