ಮಣಿಪಾಲದ ಇಲಿಗಳಿಂದ ನವನಗರದ ವಾರ್ಡಿಗೆ

ಹುಬ್ಬಳ್ಳಿ-ಧಾರವಾಡದ ನಡುವೆ ಇರುವ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳದ ಕಡೆಯಿಂದಲೂ ಮಂದಿ ಬರುತ್ತಾರೆ. ಗರ್ಭಕಂಠದ ಕ್ಯಾನ್ಸರ್ ಆದ ಹೆಣ್ಣುಮಕ್ಕಳಿಗೆ ಕಿಬ್ಬೊಟ್ಟೆಗೆ ‘ಕರೆಂಟ್ ಕೊಡುವುದು’ ಎಂದರೆ ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 45ರಿಂದ 50 ಗ್ರೇ ವಿಕಿರಣ. ಮುಂದೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ ಬೇರೆ. ಎರಡನೆಯ ಅಥವಾ ಮೂರನೆಯ ವಾರಕ್ಕೆ ಹೊಟ್ಟೆ ನುಲಿಯತೊಡಗುತ್ತದೆ, ಭೇದಿ ಶುರುವಾಗುತ್ತದೆ, ಊಟ ಸೇರುವುದಿಲ್ಲ. ಏನಾದರೂ ಕಷಾಯ ಮಾಡಿ ಕೊಡೋಣವೇ ಎಂಬ ಯೋಚನೆ ಮನೆಯವರಿಗೆ ಬರುವುದು ಆಗಲೇ. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಹೊಸದಾಗಿ ಬಂದಿದೆ ಎಂಬ ಅಂದಾಜಿದೆ. ಹಾಗಾಗಿ ಈ ಪ್ರಶ್ನೆ ಸಣ್ಣದಲ್ಲ. ಇದರ ಹಿಂದಿರುವ ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷದ ಚರಿತ್ರೆಯಿದೆ, ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಕರ್ನಾಟಕದಲ್ಲೇ.

ಗೆಡ್ಡೆಯನ್ನು ಗುರಿಯಾಗಿಟ್ಟ ಕಿರಣ ಕರುಳನ್ನೇಕೆ ನೋಯಿಸುತ್ತದೆ? ಸಣ್ಣ ಕರುಳಿನ ಒಳಗೋಡೆಯ ತುಂಬ ಬೆರಳಿನಂಥ ಸಣ್ಣ ಚಾಚುಗಳಿವೆ. ಅವುಗಳ ಬುಡದ ಕುಳಿಗಳಲ್ಲಿ ಕುಳಿತ ಕಾಂಡಕೋಶಗಳು ಬಿಡುವಿಲ್ಲದೆ ಒಡೆದು ಹೊಸ ಕೋಶಗಳನ್ನು ಮೇಲಕ್ಕೆ ಕಳಿಸುತ್ತವೆ, ಮೂರರಿಂದ ಐದು ದಿನಕ್ಕೊಮ್ಮೆ ಇಡೀ ಪದರವೇ ಹೊಸದಾಗುತ್ತದೆ. ವೇಗವಾಗಿ ಒಡೆಯುವ ಕೋಶಗಳ ಮೇಲೆಯೇ ವಿಕಿರಣದ ಪೆಟ್ಟು ಹೆಚ್ಚು. ಕುಳಿಗಳು ಬರಿದಾದರೆ ಚಾಚುಗಳು ಕುಗ್ಗುತ್ತವೆ, ನೀರೂ ಪಿತ್ತರಸದ ಆಮ್ಲಗಳೂ ಹೀರಲಾಗದೆ ಕೆಳಗಿಳಿಯುತ್ತವೆ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಇದು ತಗ್ಗುತ್ತದೆ. ಆದರೆ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ರಕ್ತನಾಳಗಳು ಕಿರಿದಾಗಿ, ಗೋಡೆ ಗಡುಸಾಗಿ, ಗುದನಾಳದಿಂದ ರಕ್ತ ಹೋಗಲು ಶುರುವಾಗುತ್ತದೆ. ಮೊದಲನೆಯ ತೊಂದರೆಗೆ ಆಗುವ ಮದ್ದು ಎರಡನೆಯದಕ್ಕೂ ಆಗುತ್ತದೆ ಎಂದು ತಿಳಿಯುವಂತಿಲ್ಲ.

ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದು ಹೊಟ್ಟೆಯೊಳಗೆ ತೊಂದರೆ ಮಾಡುತ್ತದೆ ಎಂದು ಡೇವಿಡ್ ವಾಲ್ಷ್ ಎಂಬ ವೈದ್ಯರು 1897ರಲ್ಲೇ ಬ್ರಿಟನ್ನಿನಲ್ಲಿ ಬರೆದರು. ರಕ್ಷಿಸುವ ವಸ್ತುವಿನ ಹುಡುಕಾಟಕ್ಕೆ ಮಾತ್ರ ಅಣುಬಾಂಬಿನ ನಂತರದ ಕಾಲದವರೆಗೆ ಕಾಯಬೇಕಾಯಿತು. 1949ರಲ್ಲಿ ಹಾರ್ವೆ ಪ್ಯಾಟ್ ಮತ್ತು ಸಂಗಡಿಗರು ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಇಲಿಗಳಿಗೆ ಎಕ್ಸ್‌ರೇ ತಗಲುವ ಮುನ್ನ ಕೊಟ್ಟರು, ಇಲಿಗಳು ಉಳಿದವು. ಆಮೇಲೆ ಕೊಟ್ಟರೆ ಪ್ರಯೋಜನವಾಗಲಿಲ್ಲ. ‘ಮುನ್ನ’ ಮತ್ತು ‘ಆಮೇಲೆ’ ಎಂಬ ಈ ಅಂತರ ಇಂದಿಗೂ ಈ ಕ್ಷೇತ್ರದ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಮೆರಿಕದ ಸೇನೆಯ ವಾಲ್ಟರ್ ರೀಡ್ ಸಂಸ್ಥೆ ಆ ದಾರಿಯಲ್ಲೇ ಸಾವಿರಾರು ಸಂಯುಕ್ತಗಳನ್ನು ತಯಾರಿಸಿ ಪರೀಕ್ಷಿಸಿತು. ಅವುಗಳಲ್ಲಿ ಗೆದ್ದದ್ದು ಅಮಿಫಾಸ್ಟಿನ್. ಇಲಿಗಳಲ್ಲಿ ಅದರ ರಕ್ಷಣೆಯ ಅನುಪಾತ, ಅಂದರೆ ಮದ್ದು ಕೊಟ್ಟಾಗ ಅಷ್ಟೇ ಹಾನಿಯಾಗಲು ಎಷ್ಟು ಪಟ್ಟು ಕಿರಣ ಬೇಕಾಗುತ್ತದೆ ಎಂಬ ಅಳತೆ, ಮೂಳೆಮಜ್ಜೆಗೆ 2.7, ಕರುಳಿಗೆ 1.8. ಆದರೆ ಮನುಷ್ಯರಿಗೆ ಅದನ್ನು ಕೊಟ್ಟಾಗ ವಾಂತಿ ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಗಿಡಮೂಲಿಕೆಗಳ ಕಡೆ ಸಂಶೋಧಕರ ಕಣ್ಣು ಹೊರಳಲು ಈ ವಿಷಗುಣವೇ ದೊಡ್ಡ ಕಾರಣ.

ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿಯನ್ನು ಆರಿಸಿಕೊಂಡರು. ಎಲೆಯ ಸಾರ ಇಲಿಗಳನ್ನು ಗಾಮಾ ಕಿರಣದಿಂದ ಕಾಯುತ್ತದೆ ಎಂಬ ವರದಿ 1995ರಲ್ಲಿ ಬಂತು. ಮುಂದೆ ಅದರಲ್ಲಿರುವ ಓರಿಯೆಂಟಿನ್, ವಿಸೆನಿನ್ ಎಂಬ ಎರಡು ಫ್ಲೇವನಾಯ್ಡ್‌ಗಳನ್ನು ಬೇರ್ಪಡಿಸಿದರು. ಕೆ.ಜಿ.ಗೆ 50 ಮೈಕ್ರೋಗ್ರಾಂನಷ್ಟು ಅತ್ಯಲ್ಪ ಪ್ರಮಾಣವೇ ಕೆಲಸ ಮಾಡುತ್ತಿತ್ತು. ಅದೇ ವಿಭಾಗದ ಗಣೇಶ ಚಂದ್ರ ಜಗೇಟಿಯ ಮತ್ತು ಮಂಜೇಶ್ವರ ಶ್ರೀನಾಥ ಬಾಳಿಗ ಮೊದಲಾದವರು 2002ರಿಂದ ಕೆಲವೇ ವರ್ಷಗಳಲ್ಲಿ ಪುದೀನ, ತ್ರಿಫಲಾ, ಶುಂಠಿ, ನೇರಳೆ, ಬಿಲ್ವ ಹೀಗೆ ಒಂದರ ಹಿಂದೊಂದನ್ನು ಪರೀಕ್ಷೆಗೊಡ್ಡಿದರು. ಹತ್ತು ದಿನದೊಳಗೆ ಸತ್ತ ಇಲಿ ಕರುಳಿನಿಂದ ಸತ್ತದ್ದು, ಮೂವತ್ತು ದಿನದೊಳಗೆ ಸತ್ತದ್ದು ಮಜ್ಜೆ ಬತ್ತಿ ಎಂಬುದು ಈ ಪ್ರಯೋಗಗಳ ಲೆಕ್ಕ. ಐದು ದಿನ ಮೊದಲೇ ಶುಂಠಿಯ ಸಾರ ಪಡೆದ ಇಲಿಗಳಲ್ಲಿ ಎರಡೂ ಬಗೆಯ ಸಾವು ಕಡಿಮೆಯಾಯಿತು.

ಇವುಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಬಿಲ್ವ. ಎಳೆಯ ಕಾಯಿಯ ತಿರುಳನ್ನು ಒಣಗಿಸಿ ಭೇದಿಗೂ ಆಮಶಂಕೆಗೂ ಕೊಡುವುದು ಆಯುರ್ವೇದದ ಹಳೆಯ ರೂಢಿ. 1868ರಲ್ಲಿ ವೇರಿಂಗ್ ಸಿದ್ಧಪಡಿಸಿದ ‘ಫಾರ್ಮಕೋಪಿಯ ಆಫ್ ಇಂಡಿಯಾ’ದಲ್ಲೂ ಅದಕ್ಕೆ ಜಾಗ ಸಿಕ್ಕಿತ್ತು. 2004ರ ಮಣಿಪಾಲದ ಅಧ್ಯಯನದಲ್ಲಿ ಬಿಲ್ವದೆಲೆಯ ಸಾರ ಪಡೆದ ಇಲಿಗಳ ಕರುಳಲ್ಲಿ ಚಾಚುಗಳ ಎತ್ತರವೂ ಕುಳಿಗಳ ಸಂಖ್ಯೆಯೂ ಹೆಚ್ಚು ಉಳಿದಿದ್ದವು. ಅಂದರೆ ಸಾವನ್ನಷ್ಟೇ ಎಣಿಸದೆ ಕರುಳನ್ನೇ ಕೊಯ್ದು ನೋಡಿದ ಸಾಕ್ಷ್ಯ ಇದು. ಅದೇ ಕಾಲಕ್ಕೆ ದೆಹಲಿಯ ರಕ್ಷಣಾ ಸಂಶೋಧನಾ ಪ್ರಯೋಗಾಲಯ ‘ಇನ್ಮಾಸ್’ನಲ್ಲಿ ಎಚ್.ಸಿ. ಗೋಯಲ್ ತಂಡ ಹಿಮಾಲಯದ ಪೊಡೊಫಿಲಮ್ ಮತ್ತು ಸೀಬಕ್‌ಥಾರ್ನ್ ಗಿಡಗಳ ಮೇಲೆ ದುಡಿಯುತ್ತಿತ್ತು.

ಇಷ್ಟು ಕೆಲಸವಾದರೂ ವಾರ್ಡಿಗೆ ಇವುಗಳಲ್ಲಿ ಒಂದೂ ಬರಲಿಲ್ಲ. ಮೊದಲ ಕಾರಣ ಬಲ: ಇಂಥ ಸಾರಗಳ ರಕ್ಷಣೆಯ ಅನುಪಾತ ಹೆಚ್ಚಾಗಿ 1.1ರಿಂದ 1.3ರೊಳಗೆ ನಿಲ್ಲುತ್ತದೆ. ಎರಡನೆಯದು ಪ್ರಯೋಗದ ರೀತಿ. ಬಹುಪಾಲು ಪ್ರಯೋಗಗಳಲ್ಲಿ ಇಲಿಯ ಇಡೀ ಮೈಗೆ ಒಂದೇ ಸಲ ಮಾರಕ ಪ್ರಮಾಣದ ಕಿರಣ ಹಾಯಿಸುತ್ತಾರೆ, ಸಾರವನ್ನು ಮೊದಲೇ, ಅದೂ ಅನೇಕ ಸಲ ಹೊಟ್ಟೆಯ ಪೊರೆಯೊಳಕ್ಕೆ ಸೂಜಿಯಿಂದ ಕೊಡುತ್ತಾರೆ. ನಮ್ಮ ರೋಗಿಗೆ ಕಿರಣ ಬೀಳುವುದು ಕಿಬ್ಬೊಟ್ಟೆಗೆ ಮಾತ್ರ, ದಿನಕ್ಕೆ 2 ಗ್ರೇಯಷ್ಟು, ತಿಂಗಳಿಗೂ ಹೆಚ್ಚು ಕಾಲ. ಅವರು ಕಷಾಯ ಕುಡಿಯುತ್ತಾರೆ, ಅದೂ ಭೇದಿ ಶುರುವಾದ ಮೇಲೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕರುಳನ್ನು ಕಾಯುವ ಮದ್ದು ಗೆಡ್ಡೆಯನ್ನೂ ಕಾಯಬಾರದು. ಕೆನಡಾದ ಕ್ವಿಬೆಕ್‌ನಲ್ಲಿ ವಿಕಿರಣ ಪಡೆಯುತ್ತಿದ್ದ ತಲೆ-ಕುತ್ತಿಗೆ ಕ್ಯಾನ್ಸರಿನ 540 ರೋಗಿಗಳ ಅಧ್ಯಯನದಲ್ಲಿ, ಉತ್ಕರ್ಷಣ ತಡೆಯುವ ವಿಟಮಿನ್ ಇ ನುಂಗಿದವರಲ್ಲಿ ಸಾವು ಹೆಚ್ಚಿದ್ದದ್ದು ಕಂಡುಬಂತು. ತುಳಸಿ, ಶುಂಠಿಗಳ ಗುಣವೆಂದು ಹೊಗಳುವುದೂ ಈ ಉತ್ಕರ್ಷಣ ನಿರೋಧವನ್ನೇ. ಗಿಡದಿಂದ ಬಂದದ್ದು ಏನೂ ಮಾಡುವುದಿಲ್ಲ ಎಂಬ ಧೈರ್ಯದ ಮಾತನ್ನು ಈ ಸಂಗತಿಯ ಮುಂದೆ ನಾನು ಒಪ್ಪಲಾರೆ.

ಮನುಷ್ಯರವರೆಗೆ ಬಂದ ಕೆಲಸ ಕಡಿಮೆ, ಆದರೆ ದಾರಿ ತೋರುವಂಥದ್ದು. ಮಂಗಳೂರಿನಲ್ಲಿ ಬಾಳಿಗರೂ ಇದ್ದ ತಂಡ 80 ರೋಗಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಿಸಿನದ ನೀರಿನಿಂದ ಬಾಯಿ ಮುಕ್ಕಳಿಸಿದವರಿಗೆ ವಿಕಿರಣದ ಬಾಯಿಹುಣ್ಣು ತಡವಾಗಿ ಬಂತು, ತೀವ್ರತೆಯೂ ತಗ್ಗಿತ್ತು. ಬಾಯಿಯೂ ಜೀರ್ಣನಾಳದ ಒಂದು ತುದಿಯೇ, ಮದ್ದು ನೇರ ಗಾಯಕ್ಕೆ ತಾಗಿದ್ದು ಇಲ್ಲಿಯ ಅನುಕೂಲ. ಕರುಳಿನ ವಿಚಾರದಲ್ಲಿ ಕೆನಡಾದವರು 2000ದಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ, ಕಿಬ್ಬೊಟ್ಟೆಗೆ ವಿಕಿರಣ ಪಡೆಯುವವರ ಭೇದಿಯನ್ನು ತಗ್ಗಿಸಿದ್ದು ನಮ್ಮ ಇಸಬ್‌ಗೋಲ್. ಅದು ಕೋಶವನ್ನೇನೂ ಕಾಯುವುದಿಲ್ಲ, ನೀರನ್ನು ಹಿಡಿದಿಟ್ಟು ಮಲವನ್ನು ಗಟ್ಟಿ ಮಾಡುತ್ತದೆ, ಅಷ್ಟೆ. ಗೆಡ್ಡೆಯನ್ನು ಕಾಯುವ ಭಯ ಇಲ್ಲಿಲ್ಲ. ಅಮೆರಿಕದ ಯೇಲ್‌ನಲ್ಲಿ ಯುಂಗ್-ಚಿ ಚೆಂಗ್ ಅವರ ತಂಡ ನಾಲ್ಕು ಮೂಲಿಕೆಗಳ ಹಳೆಯ ಚೀನೀ ಕಷಾಯವೊಂದನ್ನು ‘ಪಿಎಚ್‌ವೈ906’ ಎಂಬ ಹೆಸರಿನಲ್ಲಿ ಪ್ರತಿ ತಯಾರಿಕೆಯ ಗುಣ ಒಂದೇ ಇರುವಂತೆ ಸಿದ್ಧಪಡಿಸಿತು. ಗೆಡ್ಡೆಯಿರುವ ಇಲಿಗಳಿಗೇ ಅದನ್ನು ಕೊಟ್ಟು, ಕೀಮೋ ಔಷಧದ ಪೆಟ್ಟಿನಿಂದ ಕರುಳು ಚೇತರಿಸಿಕೊಂಡಿತೇ, ಗೆಡ್ಡೆಯ ಮೇಲೆ ಔಷಧದ ಬಲ ಕುಗ್ಗಿತೇ ಎಂದು ಎರಡನ್ನೂ ಒಟ್ಟಿಗೆ ಅಳೆಯಿತು. ನಮ್ಮಲ್ಲಿ ಹೆಚ್ಚು ನಡೆಯದೆ ಹೋದದ್ದು ಈ ಎರಡನೆಯ ಅಳತೆ.

ಅದನ್ನು ನಡೆಸುವ ಅನುಕೂಲ ಹುಬ್ಬಳ್ಳಿ-ಧಾರವಾಡಕ್ಕೆ ಇದೆ. ನವನಗರದಲ್ಲಿ ವಿಕಿರಣ ಚಿಕಿತ್ಸೆಯಿದೆ, ಹೆಗ್ಗೇರಿಯಲ್ಲಿ ಆಯುರ್ವೇದ ಮಹಾವಿದ್ಯಾಲಯವಿದೆ, ಧಾರವಾಡದಲ್ಲಿ ವಿಶ್ವವಿದ್ಯಾಲಯವೂ ಫಾರ್ಮಸಿ ಕಾಲೇಜೂ ಇವೆ, ಪಕ್ಕದ ಬೆಳಗಾವಿಯಲ್ಲಿ ಐಸಿಎಂಆರ್‌ನ ಪಾರಂಪರಿಕ ವೈದ್ಯಕೀಯ ಸಂಸ್ಥೆಯಿದೆ. ಎಳೆಯ ಬಿಲ್ವದ ಕಾಯಿಯ ಪುಡಿಯನ್ನು ಒಂದೇ ಗುಣಮಟ್ಟದಲ್ಲಿ ತಯಾರಿಸಿ, ಗರ್ಭಕಂಠದ ಕ್ಯಾನ್ಸರಿಗೆ ವಿಕಿರಣ ಪಡೆಯುವವರಲ್ಲಿ ಅರ್ಧ ಜನಕ್ಕೆ ಮೊದಲ ದಿನದಿಂದಲೇ ಅದನ್ನೂ ಉಳಿದರ್ಧಕ್ಕೆ ಇಸಬ್‌ಗೋಲನ್ನೂ ಕೊಟ್ಟು ನೋಡಬೇಕು. ದಿನಕ್ಕೆ ಎಷ್ಟು ಸಲ ಭೇದಿಯಾಯಿತು, ತೂಕ ಎಷ್ಟು ಇಳಿಯಿತು, ಭೇದಿಯ ದೆಸೆಯಿಂದ ಎಷ್ಟು ದಿನ ಚಿಕಿತ್ಸೆ ನಿಲ್ಲಿಸಬೇಕಾಯಿತು ಎಂದು ಬರೆದಿಡಬೇಕು, ರಕ್ತದಲ್ಲಿ ಸಿಟ್ರುಲಿನ್ ಅಳೆದು ಕರುಳಿನ ಪದರ ಎಷ್ಟು ಉಳಿದಿದೆ ಎಂದು ತಿಳಿಯಬೇಕು. ಮುಂದಿನ ಎರಡು-ಮೂರು ವರ್ಷ ಗೆಡ್ಡೆ ಮರಳಿತೇ ಎಂದು ಅದೇ ಹೆಣ್ಣುಮಕ್ಕಳನ್ನು ಕರೆದು ನೋಡಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಕೊಡುವ ಕಷಾಯ ಯಾವುದೇ ಇರಲಿ, ಚಿಕಿತ್ಸೆ ಕೊಡುವ ಡಾಕ್ಟರಿಗೆ ಅದನ್ನು ಮುಚ್ಚಿಡದೆ ಹೇಳಬೇಕು. ಹಾಗೆ ಹೇಳಿದವರನ್ನು ಗದರದೆ, ಅದನ್ನು ಕೇಸ್‌ಪೇಪರಿನಲ್ಲಿ ಬರೆದುಕೊಳ್ಳುವುದು ಡಾಕ್ಟರರ ಕೆಲಸ.