ಪಿಎನ್‌ಆರ್‌ನ ಮೊದಲ ಅಂಕಿ

ಬೆಂಗಳೂರಿನಿಂದ ಹೊರಡುವ ರೈಲಿಗೆ ಬೀದರಿನ ಕೌಂಟರಿನಲ್ಲಿ ಟಿಕೆಟ್ ಕೊಂಡರೂ, ದೆಹಲಿಯಲ್ಲಿ ಕೊಂಡರೂ, ಮೊಬೈಲಿನಲ್ಲೇ ಕೊಂಡರೂ ಅದರ ಹತ್ತು ಅಂಕಿಗಳ ಪಿಎನ್‌ಆರ್ ಸಾಮಾನ್ಯವಾಗಿ 4 ಅಥವಾ 5ರಿಂದ ಶುರುವಾಗುತ್ತದೆ. ದೆಹಲಿಯಿಂದ ಹೊರಡುವ ರೈಲಿನದು 2 ಅಥವಾ 3ರಿಂದ, ಮುಂಬಯಿಯದು 8 ಅಥವಾ 9ರಿಂದ. ಈ ಮೊದಲ ಅಂಕಿ ಟಿಕೆಟ್ ಎಲ್ಲಿ ಮಾರಾಟವಾಯಿತು ಎಂಬುದನ್ನು ಹೇಳುವುದಿಲ್ಲ. ಆ ಬರ್ತಿನ ಲೆಕ್ಕ ಯಾವ ಊರಿನಲ್ಲಿದೆ ಎಂಬುದನ್ನು ಹೇಳುತ್ತದೆ. 4 ಮತ್ತು 5ರ ಊರು ಚೆನ್ನೈ.

ಚೆನ್ನೈ ಸೆಂಟ್ರಲ್ ನಿಲ್ದಾಣದ ಮಗ್ಗುಲಲ್ಲಿ ಮೂರ್ ಮಾರ್ಕೆಟ್ ಎಂಬ ಕೆಂಪು ಕಟ್ಟಡವಿತ್ತು. ಹಳೆಯ ಪುಸ್ತಕಗಳಿಗೆ ಹೆಸರಾದ ಆ ಮಾರುಕಟ್ಟೆ 1985ರ ಮೇ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಆ ಜಾಗದಲ್ಲಿ ಎದ್ದ ರೈಲ್ವೆ ಕಟ್ಟಡಕ್ಕೆ ಮಾರುಕಟ್ಟೆಯ ಹೆಸರೇ ಉಳಿಯಿತು. ಉಪನಗರ ರೈಲುಗಳ ನಿಲ್ದಾಣದ ಜೊತೆಗೆ ಕಂಪ್ಯೂಟರ್ ರಿಸರ್ವೇಶನ್ ಕಚೇರಿಯೂ ಅಲ್ಲಿಗೇ ಬಂತು.

ಕಂಪ್ಯೂಟರಿಗೆ ಮೊದಲು ಇದ್ದದ್ದು ದಪ್ಪ ರಿಜಿಸ್ಟರುಗಳು. ಒಂದು ರೈಲಿನ ಒಂದು ದಿನಕ್ಕೆ ಒಂದು ಪುಟ, ಪುಟದಲ್ಲಿ ಬರ್ತುಗಳ ಸಾಲು. ಒಂದೇ ಬರ್ತನ್ನು ಇಬ್ಬರಿಗೆ ಮಾರಬಾರದೆಂದರೆ ಆ ಪುಟ ಒಂದೇ ಇರಬೇಕು, ಒಬ್ಬ ಗುಮಾಸ್ತನ ಕೈಯಲ್ಲೇ ಇರಬೇಕು. ಹಾಗಾಗಿ ಕೌಂಟರುಗಳು ರೈಲುಗಳ ಲೆಕ್ಕದಲ್ಲಿ ಹಂಚಿಹೋಗಿದ್ದವು. ಒಂದು ಕಿಟಕಿಯ ಮುಂದೆ ಉದ್ದದ ಸಾಲು, ಪಕ್ಕದ ಕಿಟಕಿ ಖಾಲಿ. ಹೋಗುವ ರೈಲಿಗೆ ಒಂದು ಸಾಲು ಮುಗಿಸಿದವರು ಇನ್ನೊಂದು ರೈಲಿಗೆ ಮತ್ತೊಂದು ಸಾಲು ನಿಲ್ಲಬೇಕು. ದಾರಿಯ ಊರುಗಳಿಗೆ ಇಷ್ಟಿಷ್ಟು ಬರ್ತು ಎಂದು ಕೋಟಾ ಕೊಟ್ಟಿದ್ದರಿಂದ ಆ ಊರಿನವರು ಯಾರನ್ನೂ ಕೇಳದೆ ಮಾರಬಹುದಿತ್ತು. ಆದರೆ ಒಂದು ಊರಿನ ಕೋಟಾದಲ್ಲಿ ಬರ್ತು ಖಾಲಿ ಬಿದ್ದಿರುವಾಗಲೇ ಇನ್ನೊಂದು ಊರಿನಲ್ಲಿ ವೇಟಿಂಗ್ ಲಿಸ್ಟ್ ಬೆಳೆಯಬಹುದಿತ್ತು. ಬೇರೆ ಊರಿನಿಂದ ವಾಪಸು ಬರುವ ಟಿಕೆಟ್ಟಿಗೆ ತಂತಿ ಹೋಗಬೇಕು, ಉತ್ತರಕ್ಕೆ ಕಾಯಬೇಕು. ಪುಟದಲ್ಲಿ ನಿಜವಾಗಿ ಏನಿದೆ ಎಂದು ಸಾಲಿನಲ್ಲಿ ನಿಂತವರಿಗೆ ಕಾಣುತ್ತಿರಲಿಲ್ಲ. ದಲ್ಲಾಳಿಗಳು ಬೆಳೆದದ್ದು ಅಲ್ಲೇ.

1985ರ ನವೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಕಂಪ್ಯೂಟರ್ ರಿಸರ್ವೇಶನ್ ಶುರುವಾಯಿತು. ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿ ಅದಕ್ಕೆ ಬರೆದ ತಂತ್ರಾಂಶದ ಹೆಸರು ಇಂಪ್ರೆಸ್. ಓಡಿದ್ದು ಡಿಜಿಟಲ್ ಕಂಪನಿಯ ವ್ಯಾಕ್ಸ್ ಯಂತ್ರಗಳ ಮೇಲೆ. ಆ ದಶಕ ಮುಗಿಯುವುದರೊಳಗೆ ಮದ್ರಾಸು, ಮುಂಬಯಿ, ಕಲ್ಕತ್ತಾ, ಸಿಕಂದರಾಬಾದುಗಳಿಗೂ ಅದು ಬಂತು. ಈಗ ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಪುಟವನ್ನಾದರೂ ತೆರೆಯಬಹುದಿತ್ತು.

ಆದರೆ ಐದು ಕೇಂದ್ರಗಳು ಐದು ದ್ವೀಪಗಳಾಗಿದ್ದವು. ಮದ್ರಾಸಿನ ಕಂಪ್ಯೂಟರಿಗೆ ದೆಹಲಿಯ ಬರ್ತು ಗೊತ್ತಿರಲಿಲ್ಲ. ರೈಲ್ವೆಯದೇ ಸಂಸ್ಥೆಯಾದ ಕ್ರಿಸ್ ಇದಕ್ಕಾಗಿ ಕಾನ್ಸರ್ಟ್ ಎಂಬ ಹೊಸ ತಂತ್ರಾಂಶ ಬರೆಯಿತು. 1994ರಲ್ಲಿ ಅದು ಮೊದಲು ಸಿಕಂದರಾಬಾದಿನಲ್ಲಿ ಓಡಿತು. 1999ರ ಏಪ್ರಿಲ್ ಹೊತ್ತಿಗೆ ಐದೂ ಕೇಂದ್ರಗಳು ಒಂದು ಜಾಲವಾದವು.

ಜಾಲ ಮಾಡಲು ಎರಡು ದಾರಿಗಳಿದ್ದವು. ಐದೂ ಊರಿನಲ್ಲಿ ಎಲ್ಲ ರೈಲಿನ ಪ್ರತಿ ಇಡುವುದು ಒಂದು. ಹಾಗೆ ಮಾಡಿದರೆ ಉತ್ತರ ಬೇಗ ಸಿಗುತ್ತದೆ, ಆದರೆ ಒಂದೇ ಕ್ಷಣದಲ್ಲಿ ಎರಡು ಊರು ಒಂದೇ ಬರ್ತನ್ನು ಮಾರಿದರೆ ಯಾವ ಪ್ರತಿ ನಿಜ? ರೈಲ್ವೆ ಹಿಡಿದದ್ದು ಎರಡನೆಯ ದಾರಿ: ಪ್ರತಿ ರೈಲಿಗೂ ಒಂದೇ ಮನೆ. ಬೇರೆ ಊರಿನ ಕೌಂಟರು ಆ ಮನೆಗೆ ಹೋಗಿ ಕೇಳಬೇಕು. ಗುಮಾಸ್ತನ ರಿಜಿಸ್ಟರಿನ ಹಳೆಯ ನಿಯಮವೇ ಇದು. ಪುಟ ಒಂದೇ ಉಳಿಯಿತು. ಸಾಲು ಮಾತ್ರ ದೇಶದಷ್ಟು ಅಗಲವಾಯಿತು. ಪಿಎನ್‌ಆರ್‌ನ ಮೊದಲ ಅಂಕಿ ಆ ಮನೆಯ ವಿಳಾಸ.

ಈ ವ್ಯವಸ್ಥೆಯಲ್ಲಿ ಕಷ್ಟದ ಗಳಿಗೆಯೊಂದಿದೆ. ಬೀದರಿನಲ್ಲಿ ಹಣ ಕೊಟ್ಟಾಗಿದೆ, ಚೆನ್ನೈಯಲ್ಲಿ ಬರ್ತು ಬರೆದಾಗಿದೆ, ಟಿಕೆಟ್ ಅಚ್ಚಾಗುವ ಮೊದಲೇ ಲೈನ್ ಕಡಿಯಿತು. ಮತ್ತೆ ಕೇಳಿದರೆ ಎರಡನೆಯ ಬರ್ತು ಹೋಗಬಾರದು. ಕೇಳದಿದ್ದರೆ ಮೊದಲನೆಯದು ಅನಾಥವಾಗಬಾರದು. ಡೇಟಾಬೇಸ್ ನೋಡಿಕೊಳ್ಳುವವರ ದಿನನಿತ್ಯದ ಉಪಾಯಗಳೆಲ್ಲ ಹುಟ್ಟಿದ್ದು ಇಂಥ ಗಳಿಗೆಗಳಿಂದ. ಬರ್ತಿಗೆ ಒಂದು ಕ್ಷಣ ಬೀಗ ಹಾಕುವುದು. ಏನು ಮಾಡಲಿದ್ದೇವೆಂದು ಮೊದಲು ಜರ್ನಲಿನಲ್ಲಿ ಬರೆದು ಆಮೇಲೆ ಮಾಡುವುದು. ಕೆಲಸ ಅರ್ಧಕ್ಕೆ ನಿಂತರೆ ಆ ಬರಹ ಓದಿ ಪೂರ್ತಿ ಮಾಡುವುದು ಅಥವಾ ಪೂರ್ತಿ ಅಳಿಸುವುದು. ಕೇಂದ್ರಗಳ ನಡುವೆ ಈ ಕೆಲಸಕ್ಕೆ ಕಾನ್ಸರ್ಟ್ ನೆಚ್ಚಿಕೊಂಡದ್ದು ಡಿಜಿಟಲ್ ಕಂಪನಿಯ ರಿಲಯಬಲ್ ಟ್ರಾನ್ಸಾಕ್ಷನ್ ರೌಟರ್ ಎಂಬ ತಂತ್ರಾಂಶವನ್ನು. ವ್ಯವಹಾರ ಒಂದೇ ಸಲ ನಡೆಯುವಂತೆ, ಎರಡು ಸಲವೂ ಅಲ್ಲದೆ ಅರ್ಧ ಸಲವೂ ಅಲ್ಲದೆ ನಡೆಯುವಂತೆ ನೋಡಿಕೊಳ್ಳುವುದೇ ಅದರ ಕೆಲಸ.

ಒಂದೇ ಮನೆ ಎಂಬುದಕ್ಕೆ ಬೆಲೆಯೂ ಇದೆ. ಚೆನ್ನೈ ಕೇಂದ್ರ ನಿಂತರೆ ಹುಬ್ಬಳ್ಳಿಯ ಕೌಂಟರೂ ನಿಲ್ಲುತ್ತದೆ, ಕೊಚ್ಚಿಯದೂ ನಿಲ್ಲುತ್ತದೆ. ಆದ್ದರಿಂದ ನಿಲ್ಲಿಸುವ ಹೊತ್ತನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ರಾತ್ರಿ 11.45ರಿಂದ 12.20ರ ತನಕ ಐಆರ್‌ಸಿಟಿಸಿಯಲ್ಲಿ ಟಿಕೆಟ್ ಸಿಗದಿರುವುದು ಬಳಸುವವರಿಗೆಲ್ಲ ಗೊತ್ತು. ಬ್ಯಾಂಕು ಬಾಗಿಲು ಹಾಕಿ ದಿನದ ಲೆಕ್ಕ ನೋಡುವ ಹಾಗೆ, ಒಂದು ದಿನ ಮುಗಿಸಿ ಇನ್ನೊಂದನ್ನು ತೆರೆಯುವ ಹೊತ್ತು ಅದು. ಬೆಳಿಗ್ಗೆ 8ಕ್ಕೆ ಹೊಸ ತಾರೀಖಿನ ಬುಕಿಂಗ್ ತೆರೆಯುವಾಗ, 10 ಮತ್ತು 11ಕ್ಕೆ ತತ್ಕಾಲ್ ತೆರೆಯುವಾಗ ಜನ ಒಮ್ಮೆಗೇ ನುಗ್ಗುತ್ತಾರೆ. ಆ ನಿಮಿಷಗಳಲ್ಲಿ ರಿಪೇರಿಗೆ ಜಾಗವಿಲ್ಲ.

ಕಂಪ್ಯೂಟರು ಒಂದು ಬರ್ತನ್ನೂ ಹೆಚ್ಚಿಸಲಿಲ್ಲ. ಹಬ್ಬಕ್ಕೆ ಊರಿಗೆ ಹೋಗುವವರು ಇವತ್ತಿಗೂ ವೇಟಿಂಗ್ ಲಿಸ್ಟಿನಲ್ಲಿದ್ದಾರೆ, ದಲ್ಲಾಳಿಗಳೂ ಹೊಸ ದಾರಿ ಹುಡುಕಿಕೊಂಡಿದ್ದಾರೆ. ಬದಲಾದದ್ದು ಪುಟ ಕಾಣುವ ಬಗೆ. ವೇಟಿಂಗ್ ಲಿಸ್ಟಿನಲ್ಲಿ ತಮ್ಮದು ಎಷ್ಟನೆಯ ಹೆಸರು ಎಂದು ಸಾಲಿನ ಕೊನೆಯವರೂ ಈಗ ಯಾರನ್ನೂ ಕೇಳದೆ ನೋಡಬಲ್ಲರು. ರಾತ್ರಿಯ ಆ ಮೂವತ್ತೈದು ನಿಮಿಷಗಳ ಕೆಲಸ ಸರಿಯಾಗಿ ಮುಗಿದರಷ್ಟೇ ಬೆಳಿಗ್ಗೆ ಆ ಸಂಖ್ಯೆಯನ್ನು ನಂಬಬಹುದು.