ಪದ ಪರಿಚಯ: ಟೈಪ್‌ಡೆಫ್

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ‘ಟೈಪ್‌ಡೆಫ್’ ದಿನಬಳಕೆಯ ಪದ. ಇಂಗ್ಲಿಷಿನ ‘ಟೈಪ್’, ‘ಡೆಫಿನಿಷನ್’ ಎಂಬೆರಡು ಪದಗಳನ್ನು ಮೊಟಕುಗೊಳಿಸಿ ಬೆಸೆದ ರೂಪವಿದು. ಕರ್ನಿಗನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಸಿ ಭಾಷೆಯ ಪುಸ್ತಕದಲ್ಲೇ ಇದರ ವಿವರಣೆಯಿದೆ. ಇದು ಹೊಸ ಟೈಪನ್ನು ಹುಟ್ಟಿಸುವುದಿಲ್ಲ. ಇರುವ ಟೈಪಿಗೇ ಇನ್ನೊಂದು ಹೆಸರಿಡುತ್ತದೆ.

ತೊಡಕು ಶುರುವಾಗುವುದು ಇಬ್ಬರು ಒಂದೇ ಹೆಸರಿಟ್ಟಾಗ.

ಜೆಪೆಗ್ ಚಿತ್ರಗಳನ್ನು ಓದುವ ‘ಲಿಬ್‌ಜೆಪೆಗ್’ ಲೈಬ್ರರಿ ‘ಐಎನ್‌ಟಿ32’ ಎಂಬ ಹೆಸರನ್ನು ‘ಲಾಂಗ್’ ಟೈಪಿಗೆ ಕೊಟ್ಟಿತು. ವಿಂಡೋಸಿನ ಹೆಡರ್ ಕಡತ ಅದೇ ಹೆಸರನ್ನು ‘ಇಂಟ್’ಗೆ ಕೊಟ್ಟಿದೆ. ವಿಂಡೋಸಿನಲ್ಲಿ ಎರಡೂ 32 ಬಿಟ್‌ಗಳೇ. ಆದರೂ ಭಾಷೆಯ ನಿಯಮದಂತೆ ಅವು ಬೇರೆ ಬೇರೆ ಟೈಪುಗಳು. ಲಿಬ್‌ಜೆಪೆಗ್‌ನ ಹಳೆಯ ಆವೃತ್ತಿಗಳಲ್ಲಿ ಎರಡು ಹೆಡರ್‌ಗಳೂ ಒಂದೇ ಕಡತಕ್ಕೆ ಸೇರಿದರೆ ಕಂಪೈಲರ್ ದೋಷ ತೋರಿಸಿ ನಿಂತುಬಿಡುತ್ತಿತ್ತು. ಲಿನಕ್ಸ್‌ನಲ್ಲಿ ಸಲೀಸಾಗಿ ನಡೆದ ಕೋಡ್ ವಿಂಡೋಸಿನಲ್ಲಿ ಮುಗ್ಗರಿಸುವುದು ಹೀಗೆ.

1999ರ ಸಿ ಮಾನಕವು ‘ಇಂಟ್32_ಟಿ’ಯಂಥ ಹೆಸರುಗಳನ್ನು ಭಾಷೆಯ ಮಾನಕ ಲೈಬ್ರರಿಗೇ ಸೇರಿಸಿತು. ಆದರೆ ಲೈಬ್ರರಿಗಳ ಸ್ವಂತ ಹೆಸರುಗಳನ್ನು ಬೇರೆ ಬೇರೆ ಗುಂಪುಗಳಲ್ಲಿಟ್ಟು ಘರ್ಷಣೆ ತಪ್ಪಿಸಲು ಸಿ++ನಲ್ಲಿರುವ ನೇಮ್‌ಸ್ಪೇಸ್ ಸೌಲಭ್ಯ ಸಿಯಲ್ಲಿಲ್ಲ. ಅದಕ್ಕೇ ‘ಜಿಲಿಬ್’ ಲೈಬ್ರರಿ ಮುಂದೊಂದು ‘ಜಿ’ ಸೇರಿಸಿ ‘ಜಿಇಂಟ್32’ ಎಂದು ಹೆಸರಿಟ್ಟುಕೊಂಡಿತು. ಹೊಸದಾಗಿ ಲೈಬ್ರರಿ ಬರೆಯುವವರು ಮಾನಕದ ಹೆಸರುಗಳನ್ನೇ ಬಳಸಲಿ; ಸ್ವಂತ ಟೈಪುಗಳಿಗೆ ಲೈಬ್ರರಿಯ ಗುರುತನ್ನು ಮೊದಲಿಗೇ ಸೇರಿಸಲಿ.